ಗುಂಪಿಗೆ 6 ಇಲಿ ಬೇಕೇ ಬೇಕಾ?

ಮಾರಾಯ್ರೇ, ಡಯಾಬಿಟಿಸ್ ಪ್ರಯೋಗಕ್ಕೆ 5 ಗುಂಪು, ಗುಂಪಿಗೆ 6 ಇಲಿ, ಇಷ್ಟು ಯಾಕೆ ಅಂತ ಎಥಿಕ್ಸ್ ಕಮಿಟಿ ಕೇಳಿದರೆ ಏನು ಬರೆಯಲಿ ಅಂದಿದ್ದೀರಿ. 'ಸೀನಿಯರ್‌ಗಳೂ 6 ತಗೊಂಡಿದ್ದರು' ಅಂತ ಮಾತ್ರ ಬರೀಬೇಡಿ. ಮಂಗಳೂರಲ್ಲಿ ಎಂ.ಫಾರ್ಮ್ ಮಾಡುವಾಗ ನಾನು ಹಾಗೇ ಬರೆದು ಬೈಸಿಕೊಂಡಿದ್ದೆ.

ಹಿಂದಿನ ಪ್ರಯೋಗದ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಸಿಕ್ಕರೆ ಪವರ್, ಅಂದರೆ ನಿಜವಾದ ವ್ಯತ್ಯಾಸ ಇದ್ದರೆ ಅದು ಪ್ರಯೋಗದಲ್ಲಿ ಪತ್ತೆಯಾಗುವ ಸಾಧ್ಯತೆ, ಲೆಕ್ಕ ಹಾಕಿ. ಸಿಗದಿದ್ದರೆ ರಿಸೋರ್ಸ್ ಈಕ್ವೇಶನ್ ಇದೆ: ಒಟ್ಟು ಇಲಿಗಳಿಂದ ಗುಂಪುಗಳ ಸಂಖ್ಯೆ ಕಳೆದರೆ 10ರಿಂದ 20ರೊಳಗೆ ಬರಬೇಕು. ನಿಮ್ಮದು 30ರಲ್ಲಿ 5 ಕಳೆದು 25, ಜಾಸ್ತಿ ಆಯ್ತು ಅಲ್ವಾ? ಗುಂಪಿಗೆ 5 ಇಟ್ಟರೆ ಸರಿಯಾಗಿ 20.

ಆದರೆ ದೊಡ್ಡ ಉಳಿತಾಯ ಇರುವುದು ಬೇರೆ ಕಡೆ. ಮದ್ದು ಶುರು ಮಾಡುವ ಮೊದಲೇ ಪ್ರತಿ ಇಲಿಯ ಸಕ್ಕರೆ ಅಳೆದು, ಆ ಅಂಕಿಯನ್ನೂ ಅನ್ಕೋವಾದಲ್ಲಿ (ಮೊದಲೇ ಇದ್ದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದು ಗುಂಪುಗಳನ್ನು ಹೋಲಿಸುವ ವಿಧಾನ) ಸೇರಿಸಿ. ಮೊದಲಿನ ಮತ್ತು ಕೊನೆಯ ಅಳತೆಗಳ ಕೋರಿಲೇಶನ್ (ಒಂದಕ್ಕೊಂದು ಎಷ್ಟು ಹೊಂದಿಕೊಂಡು ಹೋಗುತ್ತವೆ ಅನ್ನುವ ಅಂಕಿ) 0.7 ಇದ್ದರೆ, ಅದೇ ಪವರ್‌ಗೆ ಹೆಚ್ಚುಕಮ್ಮಿ ಅರ್ಧದಷ್ಟು ಇಲಿ ಸಾಕಾಗುತ್ತದೆ. ಗೈಡ್ ಒಪ್ಪದಿದ್ದರೆ ಸುಮ್ನೆ ವಾದ ಬೇಡ, ಲೆಕ್ಕದ ಹಾಳೆ ಮುಂದಿಡಿ.