ಸಂಪಾದಕರ ಉತ್ತರ: ಹರಿಕೇನ್ (ಚಂಡಮಾರುತ) ಬಂದರೆ ಮನೆಯಲ್ಲೇ ಇರುವುದೋ, ಹೊರಡುವುದೋ?

ಅಮೆರಿಕದ ಫ್ಲಾರಿಡಾದ ಟ್ಯಾಂಪಾದಿಂದ ಬರೆದಿರುವ ಓದುಗರೇ,

ಮೈಸೂರಿನಿಂದ ಬಂದ ಅಪ್ಪ-ಅಮ್ಮ ಕೊರೊನಾದಿಂದಾಗಿ ವಿಮಾನ ನಿಂತು ನಿಮ್ಮಲ್ಲೇ ಉಳಿದಿದ್ದಾರೆ, ಅಪ್ಪ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಹರಿಕೇನ್ ಬಂದಾಗ ಶೆಲ್ಟರಿಗೆ (ಸಾರ್ವಜನಿಕ ಆಶ್ರಯತಾಣಕ್ಕೆ) ಹೋಗಿ ಕೊರೊನಾ ಅಂಟಿಸಿಕೊಳ್ಳುವ ಬದಲು ಮನೆಯಲ್ಲೇ ಇದ್ದುಬಿಡಬಹುದೇ ಎಂದು ಕೇಳಿದ್ದೀರಿ.

ಮೊದಲು ಕೌಂಟಿಯ (ಅಲ್ಲಿನ ಜಿಲ್ಲೆಯ) ಜಾಲತಾಣದಲ್ಲಿ ವಿಳಾಸ ಹಾಕಿ ನಿಮ್ಮ ಇವ್ಯಾಕ್ಯುಯೇಷನ್ ಜೋನ್, ಅಂದರೆ ಮನೆ ತೆರವಿನ ವಲಯ, ಯಾವುದೆಂದು ನೋಡಿ. ವಿಮೆಯ ಕಾಗದದಲ್ಲಿರುವ ಫ್ಲಡ್ ಜೋನ್ (ನೆರೆ ಅಪಾಯದ ವಲಯ) ಬೇರೆ, ಇದು ಬೇರೆ. ಹಲವರು ಎಡವುವುದು ಇಲ್ಲೇ. 'ಎ' ಜೋನಿನವರು ಎಲ್ಲರಿಗಿಂತ ಮೊದಲು ಹೊರಡಬೇಕು. ಟ್ಯಾಂಪಾ ಕೊಲ್ಲಿ ಆಳವಿಲ್ಲದ್ದು, ಗಾಳಿ ತಳ್ಳಿದ ಸಮುದ್ರದ ನೀರು ಅಲ್ಲಿ ಏರಿಕೊಂಡೇ ಬರುತ್ತದೆ. ನಿಮ್ಮ ಜೋನಿಗೆ ಮನೆ ಬಿಡುವ ಆದೇಶ ಬಂದರೆ ಕೊರೊನಾ ನೆಪದಲ್ಲಿ ಕೂರಬೇಡಿ. ಸೋಂಕಿನ ಅಪಾಯವನ್ನು ಮಾಸ್ಕು, ಅಂತರದಿಂದ ತಗ್ಗಿಸಬಹುದು. ಮನೆಗೆ ನುಗ್ಗಿದ ನೀರನ್ನು ಯಾವುದರಿಂದಲೂ ತಗ್ಗಿಸಲಾಗದು. ಆದೇಶ ಬರದ ಜೋನಿನಲ್ಲಿದ್ದು, ಮನೆ ಗಟ್ಟಿಯಾಗಿದ್ದರೆ (ಮೊಬೈಲ್ ಹೋಮ್, ಅಂದರೆ ಸಾಗಿಸಬಲ್ಲ ಹಗುರ ಮನೆ, ಅಲ್ಲದಿದ್ದರೆ) ಮನೆಯೇ ಒಳ್ಳೆಯದು.

ಹೊರಡುವುದಾದರೆ ಶೆಲ್ಟರ್ ಕೊನೆಯ ಆಯ್ಕೆ. ಸಮುದ್ರದಿಂದ ಒಳನಾಡಿನಲ್ಲಿರುವ ಸ್ನೇಹಿತರೊಬ್ಬರನ್ನು ಈಗಲೇ ಕೇಳಿಟ್ಟುಕೊಳ್ಳಿ: ನಿಮ್ಮಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯೇ, ನಮಗೊಂದು ಪ್ರತ್ಯೇಕ ಕೋಣೆ ಸಿಗಬಹುದೇ? ಶೆಲ್ಟರಿಗೇ ಹೋಗಬೇಕಾದರೆ ಒಬ್ಬೊಬ್ಬರಿಗೆ ಕನಿಷ್ಠ ಎರಡು ಮಾಸ್ಕು, ಸೋಪು, ಶೇಕಡಾ 60ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಜೊತೆಗಿರಲಿ.

ಮನೆಯಲ್ಲಿ ಇರುವುದಾದರೆ ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ಲೆಕ್ಕ. ನಾಲ್ವರಿಗೆ ಏಳು ದಿನಕ್ಕೆ 28 ಗ್ಯಾಲನ್. ಬಾತ್‌ಟಬ್ ತುಂಬಿಸಿಡಿ, ಅದು ಫ್ಲಷ್ ಮಾಡಲಿಕ್ಕೆ ಮಾತ್ರ. ಸಾಮಾನನ್ನು ವಾರವಾರವೂ ಸ್ವಲ್ಪಸ್ವಲ್ಪ ತನ್ನಿ. ಎಚ್ಚರಿಕೆ ಬಂದ ಮೇಲೆ ಹೋದರೆ ಖಾಲಿ ಕಪಾಟು, ಜನಜಂಗುಳಿ ಎರಡೂ ಕಾದಿರುತ್ತವೆ. ಕಿಟಕಿಗೆ ಟೇಪು ಅಂಟಿಸಿ ಪ್ರಯೋಜನವಿಲ್ಲ, 5/8 ಇಂಚಿನ ಪ್ಲೈವುಡ್ ಬೇಕು.

ಅಪ್ಪನ ಔಷಧಿ ವಿಚಾರ ಮುಖ್ಯ. ಭಾರತದ ಬ್ರಾಂಡ್ ಹೆಸರು ಅಲ್ಲಿನ ಫಾರ್ಮಸಿಯವರಿಗೆ ಗೊತ್ತಾಗದು. ಪ್ರತಿ ಗುಳಿಗೆಯ ಮೂಲ ಔಷಧದ ಹೆಸರು, ಮಿಲಿಗ್ರಾಂ ಪ್ರಮಾಣ ಬರೆದು, ಒಂದು ತಿಂಗಳಿಗಾಗುವಷ್ಟು ತರಿಸಿಡಿ. ಕರೆಂಟು ಹೋದ ಮೇಲೆ ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಣ್ಣಗಿರುತ್ತದೆ. ಇನ್ಸುಲಿನ್ ಅನ್ನು ಬಟ್ಟೆ ಸುತ್ತಿ ಐಸ್‌ಬಾಕ್ಸಿನಲ್ಲಿಡಿ. ಐಸಿಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ, ಮತ್ತೆ ಕರಗಿದರೂ ಬಳಸಬಾರದು.

ಕೊನೆಯದು ಜನರೇಟರ್. 2020ರ ಆಗಸ್ಟ್ 27ರಂದು ಲೂಸಿಯಾನ ರಾಜ್ಯಕ್ಕೆ ಅಪ್ಪಳಿಸಿದ ಲಾರಾ ಹರಿಕೇನಿನಲ್ಲಿ ಅನೇಕರು ಸತ್ತದ್ದು ಗಾಳಿಗಲ್ಲ, ಜನರೇಟರಿನ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಓಡಿಸಬೇಡಿ. ಮನೆಯಿಂದ 20 ಅಡಿ ದೂರದಲ್ಲಿಡಿ, ಹೊಗೆಕೊಳವೆ ಕಿಟಕಿಗೆ ಬೆನ್ನುಮಾಡಿರಲಿ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ, ಅಪ್ಪ-ಅಮ್ಮನಿಗೆ ಒಮ್ಮೆ ಅದರ ಸದ್ದು ಕೇಳಿಸಿ, ಅದು ಕೂಗಿದರೆ ಎಲ್ಲ ಬಿಟ್ಟು ಹೊರಗೆ ಬರಬೇಕೆಂದು ಹೇಳಿಡಿ.

— ಸಂಪಾದಕ