ಕಾಲೇಜು ಶಿಸ್ತುಕ್ರಮ: ಸಹಿ ಹಾಕುವ ಮುಂಚೆ

ಪ್ರಶ್ನೆ: ಮಗ ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಾನೆ. ಹಾಸ್ಟೆಲ್‌ನಲ್ಲಿ ಹೊಡೆದಾಟವಾಗಿದೆ. ಇವನೂ ಇದ್ದ ಎಂದು ಕರೆದು, ಹೇಳಿ ಹೇಳಿ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡಿದ್ದಾರೆ. ಹತ್ತು ದಿನದಿಂದ ಕ್ಲಾಸಿಗೆ ಬಿಟ್ಟಿಲ್ಲ. ‘ಸುಮ್ಮನೆ ಟಿಸಿ ತಗೊಂಡು ಹೋಗಿ’ ಎನ್ನುತ್ತಿದ್ದಾರೆ. ನಮ್ಮ ಕೈಯಲ್ಲಿ ಒಂದು ಕಾಗದವೂ ಇಲ್ಲ.
– ಒಬ್ಬ ತಂದೆ, ಮದ್ದೂರು

ಉತ್ತರ: ಟಿಸಿಗೆ ಅರ್ಜಿ ಕೊಡಬೇಡಿ. ನೀವಾಗಿ ಕೇಳಿ ಪಡೆದರೆ ಕಡತದಲ್ಲಿ ಉಳಿಯುವುದು ‘ಪೋಷಕರ ಕೋರಿಕೆ ಮೇರೆಗೆ’ ಎಂಬ ಒಂದೇ ಸಾಲು. ಕಾಲೇಜೇ ಹೊರಹಾಕಿತು ಎಂದು ಆಮೇಲೆ ಯಾರ ಮುಂದೆ ಹೇಳಿಕೊಂಡರೂ ಅದಕ್ಕೆ ಆಧಾರ ಇರುವುದಿಲ್ಲ.

ಇವತ್ತೇ ಪ್ರಿನ್ಸಿಪಾಲರಿಗೆ ಮಗನ ಹೆಸರಿನಲ್ಲಿ ಒಂದು ಪುಟದ ಪತ್ರ ಬರೆಯಿರಿ. ಯಾವ ದಿನ, ಯಾರು, ಕ್ಲಾಸಿಗೆ ಬರಬೇಡ ಎಂದರು ಎಂಬುದು ಅದರಲ್ಲಿರಲಿ. ಅಮಾನತು ಮಾಡಿದ್ದರೆ ಲಿಖಿತ ಆದೇಶ, ಆರೋಪದ ವಿವರ, ಯಾವ ನಿಯಮದಡಿ ಈ ಕ್ರಮ ಎಂಬ ಮಾಹಿತಿ, ಬರೆಸಿಕೊಂಡ ಪತ್ರದ ಪ್ರತಿ, ಇಷ್ಟನ್ನೂ ಕೇಳಿ. ಆ ತಪ್ಪೊಪ್ಪಿಗೆ ತನ್ನಿಚ್ಛೆಯಿಂದ ಬರೆದದ್ದಲ್ಲ ಎನ್ನುವುದಾದರೆ ಅದನ್ನೂ ಈಗಲೇ ಹೇಳಬೇಕು. ಎರಡು ತಿಂಗಳ ಮೇಲೆ ಹೇಳಿದರೆ ವಕೀಲರು ಹೇಳಿಕೊಟ್ಟ ಮಾತು ಎಂದು ತಳ್ಳಿಹಾಕುತ್ತಾರೆ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕಲೊಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ವಿಶ್ವವಿದ್ಯಾಲಯದ ಕುಲಸಚಿವರಿಗೂ ಒಂದು ಪ್ರತಿ ಕಳಿಸಿ. ಹೊಡೆದಾಟದ ಬಗ್ಗೆ ಪೊಲೀಸ್ ದೂರು ದಾಖಲಾಗಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಆಗ ಮಗ ಬರೆದುಕೊಡುವ ಒಂದೊಂದು ಸಾಲೂ ಆ ಪ್ರಕರಣಕ್ಕೆ ಹೋಗಿ ಸೇರಬಹುದು. ವಕೀಲರಿಗೆ ತೋರಿಸದೆ ಏನನ್ನೂ ಕೊಡಬೇಡಿ.

ಅದೇ ಪತ್ರದಲ್ಲಿ ಹಾಜರಾತಿಯ ಮಾತನ್ನೂ ಸೇರಿಸಿ. ಬಹಳ ಜನ ಎಡವುವುದೇ ಇಲ್ಲಿ. ವಿಚಾರಣೆ ಮುಗಿದು ‘ತಪ್ಪಿಲ್ಲ, ಕ್ಲಾಸಿಗೆ ಬಾ’ ಎಂದ ಮೇಲೂ ಶೇ. 75 ಹಾಜರಾತಿ ತುಂಬದೆ ಹಾಲ್ ಟಿಕೆಟ್ ನಿಂತುಹೋಗುತ್ತದೆ. ಹೊರಗಿಟ್ಟ ದಿನಗಳನ್ನು ಗೈರುಹಾಜರಿ ಎಂದು ಎಣಿಸಬಾರದೆಂದು ಮೊದಲೇ ಬರೆದಿಟ್ಟಿರಿ.

ಗಲಾಟೆ ಬೆಳೆಯದಿರಲೆಂದು ಕೆಲವು ದಿನ ಹೊರಗಿಡುವ ಅಧಿಕಾರ ಕಾಲೇಜಿಗೆ ಇಲ್ಲವೆಂದಲ್ಲ. ಆದರೆ ಅದು ವಿಚಾರಣೆಯವರೆಗಿನ ಏರ್ಪಾಡು. ವಿಚಾರಣೆಯನ್ನೇ ಶುರುಮಾಡದೆ ಎಳೆದರೆ ಅದೇ ಶಿಕ್ಷೆಯಾಗುತ್ತದೆ, ಅದೂ ಕೇಳದೆ ಕೊಟ್ಟ ಶಿಕ್ಷೆ.

ಉತ್ತರ ಬಾರದಿದ್ದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳು ಇವೆ. ಅವುಗಳಡಿ ಇರುವ ಕುಂದುಕೊರತೆ ಸಮಿತಿಗೆ ದೂರು ಕೊಡಿ. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು, ಪ್ರತಿ ನಿಮಗೂ ಬರಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ, ಇಂಥ ಮೇಲ್ಮನವಿ ಕೇಳಲು ವಿಶ್ವವಿದ್ಯಾಲಯ ನೇಮಿಸಿದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಮೂಲ ಅಂಕಪಟ್ಟಿ ಇಟ್ಟುಕೊಂಡು ಬೆದರಿಸುವುದನ್ನೂ ಇಲ್ಲೇ ಪ್ರಶ್ನಿಸಬಹುದು.

ಪರೀಕ್ಷೆ ಹತ್ತಿರ ಬಂದಿದ್ದರೆ ಕಾಲೇಜಿನ ಕ್ರಮವನ್ನು ನೇರವಾಗಿ ಪ್ರಶ್ನಿಸಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಮೈಸೂರು, ಮಂಡ್ಯ ಎರಡಕ್ಕೂ ಬೆಂಗಳೂರಿನ ಪ್ರಧಾನ ಪೀಠ. ಮಧ್ಯಂತರ ಆದೇಶ ಸಿಕ್ಕರೂ ‘ಅಂತಿಮ ತೀರ್ಪಿಗೆ ಒಳಪಟ್ಟು’ ಪರೀಕ್ಷೆ ಬರೆಯಲು ಬಿಡುವುದಷ್ಟೇ, ಮಗ ಗೆದ್ದನೆಂದಲ್ಲ. ಪರೀಕ್ಷೆಯ ಹಿಂದಿನ ದಿನ ಓಡಿದವರಿಗೆ ಅದೂ ಕಷ್ಟ.

ಇನ್ನೊಂದು ಮಾತು. ಮಗ ನಿಜಕ್ಕೂ ಕೈ ಮಾಡಿದ್ದರೆ ಇಲ್ಲವೆಂದು ವಾದಿಸಬೇಡಿ. ಮೊದಲ ತಪ್ಪು, ಟಿಸಿಯಷ್ಟು ದೊಡ್ಡ ಶಿಕ್ಷೆ ಅತಿಯಾಯಿತು ಎಂದು ಕೇಳಿ. ನ್ಯಾಯಾಲಯಗಳು ಹುಡುಗ ಒಳ್ಳೆಯವನೋ ಕೆಟ್ಟವನೋ ಎಂದು ತೂಗುವುದಕ್ಕಿಂತ ಕಾಲೇಜು ನಡೆದುಕೊಂಡ ರೀತಿಯನ್ನೇ ಹೆಚ್ಚು ನೋಡುತ್ತವೆ.

ಪ್ರಶ್ನೆ: ನಮ್ಮ ಕಾಲೇಜಿನ ಶಿಸ್ತು ಸಮಿತಿಯಲ್ಲಿದ್ದೇನೆ. ನಾವು ಮಾಡುವ ಆದೇಶ ಕೋರ್ಟಿನಲ್ಲಿ ನಿಲ್ಲಬೇಕಾದರೆ ಏನಿರಬೇಕು?
– ಉಪನ್ಯಾಸಕಿ, ಮಂಡ್ಯ

ಉತ್ತರ: ಬಿದ್ದುಹೋಗುವ ಆದೇಶಗಳು ಹೆಚ್ಚಾಗಿ ನೋಟಿಸಿನಲ್ಲೇ ಬಿದ್ದಿರುತ್ತವೆ. ‘ನೀನು ಅಶಿಸ್ತಿನಿಂದ ವರ್ತಿಸಿರುತ್ತೀಯ, ಕಾರಣ ಕೇಳಿ’ ಎಂಬುದು ನೋಟಿಸಲ್ಲ. ದಿನ, ಹೊತ್ತು, ಜಾಗ, ಏನು ಮಾಡಿದ, ಯಾವ ನಿಯಮ ಮುರಿದ ಎಂಬುದಿರಬೇಕು. ಆ ನಿಯಮ ಪ್ರಾಸ್ಪೆಕ್ಟಸ್‌ನಲ್ಲೋ ವಿಶ್ವವಿದ್ಯಾಲಯದ ಕಟ್ಟಳೆಯಲ್ಲೋ ಮೊದಲೇ ಅಚ್ಚಾಗಿರಬೇಕು. ಬೆಳಿಗ್ಗೆ ನೋಟಿಸ್ ಕೊಟ್ಟು ಮಧ್ಯಾಹ್ನಕ್ಕೆ ಉತ್ತರ ಕೇಳುವ ಚಾಳಿ ಬಿಡಿ. ಸಿಸಿಟಿವಿ ದೃಶ್ಯ ನಂಬಿದ್ದರೆ ಅದನ್ನು ವಿದ್ಯಾರ್ಥಿಗೆ ತೋರಿಸಿ, ತೋರಿಸಿದ್ದನ್ನು ನಡಾವಳಿಯಲ್ಲಿ ಬರೆಯಿರಿ.

ದೂರು ಕೊಟ್ಟ ಉಪನ್ಯಾಸಕರೇ ಸಮಿತಿಯಲ್ಲಿ ಕೂರಬಾರದು. ಸಣ್ಣ ಕಾಲೇಜುಗಳಲ್ಲಿ ಇದು ಕಷ್ಟವೆಂದು ಗೊತ್ತು. ಪಕ್ಕದ ವಿಭಾಗದವರನ್ನಾದರೂ ಕೂರಿಸಿ. ಆದೇಶದಲ್ಲಿ ವಿದ್ಯಾರ್ಥಿ ಏನು ಹೇಳಿದ, ಅದನ್ನು ಏಕೆ ಒಪ್ಪಲಿಲ್ಲ ಎಂಬ ನಾಲ್ಕು ಸಾಲು ಇರಲೇಬೇಕು. ‘ವಿವರಣೆ ತೃಪ್ತಿಕರವಾಗಿಲ್ಲ’ ಎಂಬ ರಬ್ಬರ್ ಸ್ಟಾಂಪ್ ವಾಕ್ಯ ಕಾರಣವಲ್ಲ.

ಹಾಗೆಂದು ಕ್ಲಾಸ್‌ರೂಮನ್ನು ಕೋರ್ಟ್ ಹಾಲ್ ಮಾಡಬೇಕಿಲ್ಲ. ರಾಂಚಿಯ ವೈದ್ಯಕೀಯ ಕಾಲೇಜೊಂದರ ಹುಡುಗರು ರಾತ್ರಿ ವಿದ್ಯಾರ್ಥಿನಿಯರ ಹಾಸ್ಟೆಲ್‌ಗೆ ನುಗ್ಗಿದ ಪ್ರಕರಣದಲ್ಲಿ ಸಮಿತಿ ಹುಡುಗಿಯರ ಹೇಳಿಕೆಯನ್ನು ಆ ಹುಡುಗರ ಎದುರು ಪಡೆದಿರಲಿಲ್ಲ, ಹೆಸರನ್ನೂ ಕೊಟ್ಟಿರಲಿಲ್ಲ. ಆರೋಪವನ್ನು ಮಾತ್ರ ತಿಳಿಸಿ ಉತ್ತರ ಪಡೆದಿತ್ತು. 1973ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇಳದೆ ಶಿಕ್ಷಿಸಬಾರದು, ಪಕ್ಷಪಾತ ಇರಬಾರದು ಎಂಬ ಸಹಜ ನ್ಯಾಯಕ್ಕೆ ಎಲ್ಲೆಡೆಗೂ ಒಂದೇ ಅಚ್ಚು ಇಲ್ಲ.

ಆದರೆ ಲೈಂಗಿಕ ಕಿರುಕುಳದ ದೂರು ಬಂದರೆ ನೀವು ಮುಟ್ಟಲೇಬೇಡಿ. ಅದು ಆಂತರಿಕ ದೂರು ಸಮಿತಿಗೆ ಹೋಗಬೇಕು. ಯುಜಿಸಿಯ 2015ರ ನಿಯಮಗಳ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ದೂರು, 90 ದಿನಗಳೊಳಗೆ ವಿಚಾರಣೆ ಮುಗಿಯಬೇಕು. ಶಿಸ್ತು ಸಮಿತಿಯಲ್ಲಿ ‘ರಾಜಿ’ ಮಾಡಿಸಿ ಕಳಿಸಿದರೆ ಆಮೇಲೆ ಉತ್ತರ ಕೊಡಬೇಕಾದವರು ನೀವೇ.

ಪ್ರಶ್ನೆ: ಪರೀಕ್ಷೆಯಲ್ಲಿ ನನ್ನ ಡೆಸ್ಕ್ ಕೆಳಗೆ ಚೀಟಿ ಸಿಕ್ಕಿತೆಂದು ಸ್ಕ್ವಾಡ್‌ನವರು ಮಾಲ್‌ಪ್ರಾಕ್ಟೀಸ್ ಬುಕ್ ಮಾಡಿದ್ದಾರೆ. ಚೀಟಿ ನನ್ನದಲ್ಲ. ಡಿಬಾರ್ ಆಗುತ್ತೇನೆಯೇ?
– ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಉತ್ತರ: ನಿಮ್ಮನ್ನು ಕೇಳದೆ ಡಿಬಾರ್ ಮಾಡುವಂತಿಲ್ಲ, ಅಂದರೆ ಪರೀಕ್ಷೆಯಿಂದ ಹೊರಗಿಡುವಂತಿಲ್ಲ. ನಕಲು ಆರೋಪದ ಮೇಲೆ ಮಂಡಳಿ ಶಿಕ್ಷೆ ಕೊಡುವಾಗ ವಿದ್ಯಾರ್ಥಿಯ ಮಾತು ಕೇಳಲೇಬೇಕೆಂದು ಘನಶ್ಯಾಮ ದಾಸ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1962ರಲ್ಲೇ. ಇಡೀ ಕೇಂದ್ರದಲ್ಲೇ ಸಾಮೂಹಿಕ ನಕಲು ನಡೆದು ಪರೀಕ್ಷೆಯನ್ನೇ ರದ್ದು ಮಾಡಿದಾಗ ಮಾತ್ರ ಒಬ್ಬೊಬ್ಬರನ್ನೂ ಕೇಳಬೇಕಿಲ್ಲ (ಬಿಹಾರ ಪರೀಕ್ಷಾ ಮಂಡಳಿ ಪ್ರಕರಣ, 1970).

ಕೊಠಡಿಯಲ್ಲಿ ಏನಕ್ಕೆ ಸಹಿ ಹಾಕಿದ್ದೀರಿ, ನೆನಪು ಮಾಡಿಕೊಳ್ಳಿ. ಖಾಲಿ ನಮೂನೆಗೆ ಸಹಿ ಹಾಕಿಸಿಕೊಂಡಿದ್ದರೆ ಕೂಡಲೇ ಪರೀಕ್ಷಾಂಗ ಕುಲಸಚಿವರಿಗೆ ಬರೆಯಿರಿ. ವಿಚಾರಣಾ ಸಮಿತಿಯ ಮುಂದೆ ಕೇಳಬೇಕಾದ್ದು ಮೂರೇ: ಚೀಟಿ ಎಲ್ಲಿ ಸಿಕ್ಕಿತು, ಕೈಬರಹ ಯಾರದು, ಅದರಲ್ಲಿದ್ದದ್ದು ಉತ್ತರಪತ್ರಿಕೆಗೆ ಇಳಿದಿದೆಯೇ. ಉತ್ತರಪತ್ರಿಕೆಯನ್ನು ಅಲ್ಲೇ ತರಿಸಿ ಹೋಲಿಸಿ ಎಂದು ಕೇಳಿ. ಚೀಟಿ ಇಟ್ಟುಕೊಂಡಿರುವುದೇ ತಪ್ಪು ಎನ್ನುವ ನಿಯಮವೂ ಇರುತ್ತದೆ, ಆದ್ದರಿಂದ ‘ನೋಡಿ ಬರೆದಿಲ್ಲ’ ಎಂಬುದೊಂದನ್ನೇ ನೆಚ್ಚಿಕೊಳ್ಳಬೇಡಿ. ಡೆಸ್ಕ್ ಕೆಳಗೆ ಸಿಕ್ಕಿದ್ದು, ಕೈಯಲ್ಲಲ್ಲ ಎಂಬುದೇ ನಿಮ್ಮ ಗಟ್ಟಿ ನೆಲೆ. ವಕೀಲರ ಫೀಸಿಗೆ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ.

ಪ್ರಶ್ನೆ: ತಂಗಿಗೆ ಸೀನಿಯರ್‌ಗಳು ರ‍್ಯಾಗಿಂಗ್ ಮಾಡಿದ್ದಾರೆ. ‘ಕಾಲೇಜಿನ ಮರ್ಯಾದೆ, ಒಳಗೇ ಮುಗಿಸೋಣ’ ಎನ್ನುತ್ತಾರೆ. ಸರಿಯೇ?
– ಅಕ್ಕ, ನಂಜನಗೂಡು

ಉತ್ತರ: ಸರಿಯಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್ ಅಪರಾಧ. ಯುಜಿಸಿಯ 2009ರ ನಿಯಮಗಳ ಪ್ರಕಾರ, ಮೇಲ್ನೋಟಕ್ಕೆ ಅಪರಾಧ ಕಂಡರೆ ಮಾಹಿತಿ ಬಂದ 24 ಗಂಟೆಯೊಳಗೆ ಕಾಲೇಜಿನ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕು. ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522ಕ್ಕೆ ಕರೆ ಮಾಡಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಾಟ್ಸ್ಆ್ಯಪ್ ಸಂದೇಶಗಳನ್ನು ತಂಗಿ ಬೇಸರಕ್ಕೆ ಅಳಿಸಿಬಿಡದಿರಲಿ. ಸ್ಕ್ರೀನ್‌ಶಾಟ್ ತೆಗೆದಿದ್ದರೂ ಮೂಲ ಸಂದೇಶ ಫೋನಿನಲ್ಲೇ ಇರಬೇಕು.

ಶಿಕ್ಷೆ ತರಗತಿಯಿಂದ ಅಮಾನತು ಮಾಡುವುದರಿಂದ ಹಿಡಿದು ಒಂದರಿಂದ ನಾಲ್ಕು ಸೆಮಿಸ್ಟರ್ ಹೊರಗಿಡುವವರೆಗೆ, ಪ್ರವೇಶ ರದ್ದಿನವರೆಗೆ ಹೋಗುತ್ತದೆ. ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ಅದೇ ನಿಯಮದಲ್ಲಿ ಅವಕಾಶವಿದೆ. ತಪ್ಪೇ ಮಾಡದವರೂ ಸಿಕ್ಕಿಬೀಳುವ ಈ ಏರ್ಪಾಡು ನಮಗಂತೂ ಒಪ್ಪಿಗೆಯಾಗದು, ಆದ್ದರಿಂದ ತಂಗಿಗೆ ಗೊತ್ತಿರುವ ಹೆಸರುಗಳನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಸಿ. ಶಿಕ್ಷೆಯಾದವರು ಮೇಲ್ಮನವಿ ಹೋಗಬಹುದು. ಸಂಯೋಜಿತ ಕಾಲೇಜಾದರೆ ಅದು ಕುಲಪತಿಗಳ ಮುಂದೆ. ಆ ಹಂತದಲ್ಲಿ ‘ದೂರು ವಾಪಸ್ ತಗೊಳ್ಳಿ’ ಎಂದು ಮನೆಗೆ ಬರುವವರಿಗೆ ಬಾಯಿಮಾತಿನ ಉತ್ತರ ಕೊಡಬೇಡಿ, ಬಂದ ದಿನ ಮತ್ತು ಹೊತ್ತನ್ನು ಕಾಲೇಜಿಗೆ ಬರೆದು ತಿಳಿಸಿ.