ಆರತಿ ಹಿಡಿದ ಮನೆಯದೇ ಖಾಲಿ ಕೊಡ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಇವರು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿಯವರು. ವಯಸ್ಸು ನಲವತ್ತರ ಆಸುಪಾಸು. ಊರಿನ ಸ್ತ್ರೀಶಕ್ತಿ ಸಂಘದ ಮುಂದಾಳು. ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅಕ್ಕ ಮೊದಲ ದಿನ ಹೇಳಿದ ತೊಂದರೆ ಇಷ್ಟು. ರಾತ್ರಿ ನಿದ್ದೆ ಇಲ್ಲ. ಹಿಟ್ಟಿನ ಗಿರಣಿಗೆ ಹೋಗಲು ಮನಸ್ಸಿಲ್ಲ, ಅಲ್ಲಿ ನಾಲ್ಕು ಜನ ಸೇರಿದರೆ ತನ್ನ ಮಾತೇ ಆಡುತ್ತಾರೆ ಅನ್ನಿಸುತ್ತದೆ. ಸಂಘದ ಸಭೆ ಹತ್ತಿರ ಬಂದರೆ ಎದೆ ಡವಡವ. ಮನೆಯಲ್ಲಿ ಮೈದುನನ ಜೊತೆ ಮಾತು ನಿಂತಿದೆ. ಒಂದೇ ಒಲೆಯ ಮನೆ ಅದು. ಅವನಿಗೆ ರೊಟ್ಟಿ ಬಡಿಯುವವರು ಇವರೇ, ಆದರೆ ತಾಟು ಇಟ್ಟು ಒಳಗೆ ಹೋಗಿಬಿಡುತ್ತಾರೆ.

ಕಾರಣ, ಊರಿಗೆ ಬಂದ ಒಬ್ಬ ದೊಡ್ಡ ಅಧಿಕಾರಿಯ ಭೇಟಿ. 2021ರ ಫೆಬ್ರವರಿಯಲ್ಲಿ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿಗಳ ಕಡೆ’ ಎಂಬ ಸರ್ಕಾರಿ ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಕಡೆ ಇಂಥ ಭೇಟಿಗಳ ರೂಢಿ ಬೆಳೆದಿದೆ. ಅಗಸಿಯಿಂದ ಚಕ್ಕಡಿ ಮೆರವಣಿಗೆ, ಡೊಳ್ಳು, ಕುಂಭ ಹೊತ್ತ ಹೆಣ್ಣುಮಕ್ಕಳು, ಆಮೇಲೆ ಶಾಲೆ ಮುಂದೆ ಶಾಮಿಯಾನ, ಅರ್ಜಿ ಸ್ವೀಕಾರ. ಈ ಊರಲ್ಲೂ ಹಾಗೇ ಆಯಿತು. ಅಕ್ಕ ಆರತಿ ಹಿಡಿದು ಸ್ವಾಗತದ ಹಾಡು ಹೇಳಿದರು. ಅದೇ ಹೊತ್ತಿಗೆ ಇಪ್ಪತ್ತು ಹುಡುಗರು ಪಕ್ಕದ ಓಣಿಯಿಂದ ಖಾಲಿ ಕೊಡ ಹಿಡಿದು ಬಂದು ದಾರಿಗೆ ಅಡ್ಡ ನಿಂತರು. ಮನೆಮನೆಗೆ ನಳ ಕೂರಿಸಿ ಹೋಗಿದ್ದಾರೆ, ನೀರು ಮಾತ್ರ ಇಲ್ಲ ಎಂಬುದು ಅವರ ಕೂಗು. ಮುಂದೆ ನಿಂತವನು ಅಕ್ಕನ ಮೈದುನ.

ಅಧಿಕಾರಿ ಸಿಟ್ಟಾಗಲಿಲ್ಲ. ಎರಡೂ ಕಡೆಯ ಅರ್ಜಿ ತಗೊಂಡು ಹೋದರು. ಜಗಳ ಹತ್ತಿದ್ದು ಆಮೇಲೆ. ‘ಮನಿಗೆ ಬಂದವರ ಮುಂದ ಊರ ಮಾನ ಕಳದ್ರು’ ಎಂದು ಹಿರಿಯರು. ‘ಮೆರವಣಿಗಿಗೆ ರೊಕ್ಕ ಐತಿ, ಮೋಟಾರು ರಿಪೇರಿಗೆ ಇಲ್ಲೇನು?’ ಎಂದು ಹುಡುಗರು. ಯಾರೋ ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮುಂದೆ ಅಕ್ಕನ ಆರತಿ, ಹಿಂದೆ ಖಾಲಿ ಕೊಡ, ಕೆಳಗೆ ನಗುವ ಮುಖಗಳ ಸಾಲು.

ಅಕ್ಕ ಆ ವಿಡಿಯೋವನ್ನು ದಿನಾ ರಾತ್ರಿ ನೋಡುತ್ತಿದ್ದರು. ಯಾಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಆ ಕೊಡ ನಂದ್ರೀ. ನಮ್ಮ ಅಡಗಿ ಮನ್ಯಾಗಿಂದು. ಒಂದ ಮಾತ ಕೇಳಿದ್ರ ನಾನ ಕೊಡತಿದ್ದೆ.’

ಈ ಪ್ರಕರಣದ ಗಂಟು ಇಲ್ಲೇ ಇದೆ. ಊರವರು ಇವರನ್ನು ಒಂದು ಪಕ್ಷಕ್ಕೆ ಸೇರಿಸಿಬಿಟ್ಟಿದ್ದಾರೆ. ಆದರೆ ಕೊಳವೆಬಾವಿಯ ಸವಳು ನೀರು ಕುಡಿಯಲಾಗದೆ ದೂರದಿಂದ ಸಿಹಿನೀರು ಹೊರುವವರು ಇವರೇ. ಹುಡುಗರು ಕೂಗಿದ ಒಂದು ಮಾತೂ ಇವರಿಗೆ ಸುಳ್ಳಲ್ಲ. ಬಂದವರಿಗೆ ಬೆಲ್ಲ, ನೀರು ಕೊಟ್ಟು ಮಾತಾಡಿಸುವ ಮನೆತನದಲ್ಲಿ ಬೆಳೆದ ಇವರಿಗೆ ಆರತಿಯೂ ಸುಳ್ಳಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಖಾಲಿ ಕೊಡ ಹಿಡಿದು ಕೂರುವುದು ನಮ್ಮಲ್ಲಿ ಹೆಂಗಸರು ಮಾಡಿಕೊಂಡು ಬಂದ ಹೋರಾಟ. ನೀರು ಹೊರುವವರು ಅವರು, ಅದಕ್ಕೇ. ಈ ಊರಲ್ಲಿ ಹಿರಿಯರು ‘ನೀವು ಆರತಿ ಹಿಡಕೊಂಡು ನಿಲ್ರಿ’ ಎಂದರು. ಹುಡುಗರು ಕೇಳದೆ ಕೊಡ ಒಯ್ದರು. ಆರತಿ ಬೇಕೋ ಹೋರಾಟ ಬೇಕೋ ಎಂದು ಹೆಂಗಸರನ್ನು ಇಬ್ಬರೂ ಕೇಳಲಿಲ್ಲ. ಈಗ ಮಾನದ ಲೆಕ್ಕ ಮಾತ್ರ ಅಕ್ಕನ ತಲೆಗೆ ಬಂದಿದೆ. ಇದನ್ನು ಅವರ ಮುಂದೆ ಹೀಗೇ ಹೇಳಿದೆ. ಅವತ್ತೇ ಅವರು ಮೊದಲ ಸಲ ಅತ್ತದ್ದು.

ಸಲಹೆಯ ವಿಷಯಕ್ಕೆ ಬರುತ್ತೇನೆ. ಮೊದಲು ನಿದ್ದೆ. ವಿಡಿಯೋ ಫೋನಿನಿಂದ ಅಳಿಸಲು ಹೇಳಿದೆ, ಗುಂಪನ್ನು ಮ್ಯೂಟ್ ಮಾಡಿಸಿದೆ. ರಾತ್ರಿ ಊಟದ ನಂತರ ಫೋನು ಮಗಳ ಹತ್ತಿರ ಇರಲಿ ಎಂದೆ. ಎರಡು ವಾರ ಕಳೆದರೂ ನಿದ್ದೆ, ಊಟ ಹಾದಿಗೆ ಬರದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವೈದ್ಯರನ್ನು ಕಾಣಬೇಕು ಎಂದೂ ಹೇಳಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಕ್ಕನಿಗೆ ಅದರ ಅಗತ್ಯ ಬೀಳಲಿಲ್ಲ.

ಎರಡನೆಯದು ಮೈದುನ. ಹಿರಿಯರು ಅವನನ್ನು ಗುಡಿ ಕಟ್ಟೆಗೆ ಕರೆಸಿ ಎಲ್ಲರ ಮುಂದೆ ತಪ್ಪೊಪ್ಪಿಸಬೇಕು ಎಂದು ಹಟ ಹಿಡಿದಿದ್ದರು. ಅಕ್ಕನಿಗೂ ಒಳಗೊಳಗೆ ಅದೇ ಆಸೆ. ಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ. ನೀರು ಕೇಳಿದ್ದು ತಪ್ಪು ಎಂದು ಊರಮುಂದೆ ಅವನಿಂದ ಹೇಳಿಸಿದರೆ ಅಕ್ಕನ ನೋವು ಕಡಿಮೆ ಆಗುವುದಿಲ್ಲ. ಅವನು ಮನೆ ಬಿಡಬಹುದು, ಅಷ್ಟೇ. ಅಕ್ಕನಿಗೆ ಬೇಕಾದ ಮಾತು ಬೇರೆಯೇ ಇದೆ, ಮತ್ತು ಅದು ಸಣ್ಣದು. ಅತ್ತೆಯ ಎದುರಲ್ಲಿ ಬೇಡ, ಹೊಲಕ್ಕೆ ಹೋಗುವ ದಾರಿಯಲ್ಲಿ ಇಬ್ಬರೇ ಇದ್ದಾಗ ಹೇಳಿ ಎಂದೆ. ಏನು ಹೇಳಬೇಕು ಎಂದು ನಾವಿಬ್ಬರೂ ಕೂತು ತಿದ್ದಿ ತೀಡಿ ಸಿದ್ಧ ಮಾಡಿದೆವು. ‘ನೀ ಕೊಡ ಹಿಡದಿದ್ದಕ್ಕ ನನಗ ಸಿಟ್ಟಿಲ್ಲ. ಕೇಳದ ಒಯ್ದಿ, ಮ್ಯಾಲೆ ನನ್ನ ಹಾಡಿಗೆ ನಗೂವಾಗ ಸುಮ್ಮನ ನಿಂತಿ. ಅದು ಚುಚ್ಚೇತಿ.’ ಇದರ ಮೇಲೆ ಒಂದಕ್ಷರ ಬೇಡ, ಹಳೆಯ ಲೆಕ್ಕ ತೆಗೆಯಬೇಡಿ ಎಂದೂ ಹೇಳಿದೆ.

ಮೂರನೆಯ ಸಲಹೆ ಆಪ್ತಸಲಹೆಯ ಕೋಣೆಗೆ ಸೇರಿದ್ದೇ ಎಂದು ಕೆಲವರು ಕೇಳಬಹುದು. ಖಂಡಿತ ಸೇರಿದ್ದು. ಊರು ಎರಡು ತಿಂಗಳು ಸ್ವಾಗತದ ಬಗ್ಗೆ ಬಡಿದಾಡಿತು, ಕೊಟ್ಟ ಅರ್ಜಿ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಏನೂ ಮಾಡಲಾಗದ ಸಿಟ್ಟು ಪಕ್ಕದ ಮನೆಯವರ ಮೇಲೆ ತಿರುಗುತ್ತದೆ. ಹಾಗಾಗಿ ಅರ್ಜಿಯ ಸ್ವೀಕೃತಿ ಚೀಟಿ ಹುಡುಕಿ ಎಂದೆ. ಸಂಘದ ಅರ್ಜಿ, ಹುಡುಗರ ಅರ್ಜಿ ಪಕ್ಕಪಕ್ಕ ಇಟ್ಟು ನೋಡಿದರೆ ಎರಡರಲ್ಲೂ ಮೊದಲ ಬೇಡಿಕೆ ನೀರೇ! ಹಳ್ಳಿಯ ಮನೆಮನೆಗೆ ನಳ ಕೊಡುವ 2019ರ ಜಲ ಜೀವನ್ ಮಿಷನ್ ಯೋಜನೆ ಪ್ರಕಾರ ನಳದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಬರಬೇಕು. ಆ ಅಂಕಿ ಅಕ್ಕನಿಗೆ ಗೊತ್ತಿರಲಿಲ್ಲ. ಅರ್ಜಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು, 30 ದಿನದೊಳಗೆ ಮಾಹಿತಿ ಕೊಡಬೇಕು ಎಂದು ತಿಳಿಸಿದೆ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ ಎಂದೆ. ಗ್ರಾಮಸಭೆ ಊರವರದೇ ಸಭೆ. ಅಲ್ಲಿ ಯಾರಿಗೂ ಆರತಿ ಎತ್ತಬೇಕಿಲ್ಲ, ಯಾರ ದಾರಿಗೂ ಅಡ್ಡ ನಿಲ್ಲಬೇಕಿಲ್ಲ.

ಮೈದುನ ಕೊಡದ ವಿಷಯಕ್ಕೆ ‘ತಪ್ಪಾತು ವೈನಿ’ ಎಂದ. ಹೋರಾಟದ ವಿಷಯಕ್ಕೆ ಅನ್ನಲಿಲ್ಲ. ಅಷ್ಟು ಸಾಕೇ ಎಂದು ಕೇಳಿದೆ. ಸಾಕು ಎಂದರು. ತಾಟು ಇಟ್ಟು ಈಗ ಅಲ್ಲೇ ಕೂರುತ್ತಾರೆ. ಗ್ರಾಮಸಭೆಯಲ್ಲಿ ನೀರಿನ ಪ್ರಶ್ನೆ ಕೇಳಿದವರು ಅಕ್ಕ. ಪಂಚಾಯಿತಿ ಅಧಿಕಾರಿ ಪಿಡಿಒ ಹೆಸರಿಗೆ ಬರೆದ ಪತ್ರ ಮೈದುನನ ಅಕ್ಷರದ್ದು. ಮೋಟಾರು ರಿಪೇರಿಯಾಗಿದೆ, ನಳದಲ್ಲಿ ವಾರಕ್ಕೆ ಎರಡು ಸಲ ನೀರು ಬರುತ್ತಿದೆ. ಸಾಲದು, ಅವರು ಮತ್ತೆ ಬರೆಯುತ್ತಿದ್ದಾರೆ.

ಊರು ಒಂದಾಗಿದೆ ಎಂದು ಹೇಳಲಾರೆ. ಇಬ್ಬರು ಹಿರಿಯರು ಇನ್ನೂ ಹುಡುಗರ ನಮಸ್ಕಾರಕ್ಕೆ ಮುಖ ತಿರುಗಿಸುತ್ತಾರಂತೆ. ಸಂಘಕ್ಕೆ ಮೂವರು ಹೆಂಗಸರು ವಾಪಸ್ ಬಂದಿಲ್ಲ. ಅವರಲ್ಲಿ ಒಬ್ಬರ ಮಗನೇ ಆ ವಿಡಿಯೋ ಹಾಕಿದ್ದು. ಆಕೆ ನಾಚಿಕೆಗೆ ಬರುತ್ತಿಲ್ಲವೋ ಸಿಟ್ಟಿಗೋ, ಕೂತಲ್ಲೇ ಊಹಿಸಬೇಡಿ ಎಂದೆ. ಮುಂದಿನ ಸಭೆಯ ದಿನ ಹೇಳಲು ನೀವೇ ಅವರ ಮನೆಗೆ ಹೋಗಿ, ವಿಡಿಯೋ ಮಾತು ಅವರು ತೆಗೆದರೆ ಮಾತ್ರ ಆಡಿ ಎಂದು ಹೇಳಿದ್ದೇನೆ. ಅಕ್ಕ ಒಪ್ಪಿದ್ದಾರೆ, ಇನ್ನೂ ಹೋಗಿಲ್ಲ.